ಜೋಡಿ ಗಾಡಿಯ ಪಾಳಿ

ಬೈಲಹೊಂಗಲದ ಒಂದು ಕಾಲೇಜಿನವರು ಈಚೆಗೆ ನನ್ನನ್ನು ಕರೆದು, ಕಂಪ್ಯೂಟರ್ ಕಲಿಯುವ ಹುಡುಗ ಹುಡುಗಿಯರ ಮುಂದೆ ನಿಲ್ಲಿಸಿದರು. ಸಕ್ಕರೆ ಕಾರ್ಖಾನೆಯಲ್ಲಿ ಪ್ರೋಗ್ರಾಂ ಬರೆದು ನಿವೃತ್ತಳಾದ ಹೆಂಗಸು, ನಾಲ್ಕು ಒಳ್ಳೆಯ ಮಾತು ಹೇಳಿ ಹೋಗಲಿ ಎಂಬುದು ಅವರ ಎಣಿಕೆ. ನಾನು ಸಿ ಭಾಷೆಯ ಲಿಂಕ್ಡ್ ಲಿಸ್ಟ್ ವಿಷಯ ಎತ್ತಿಕೊಂಡೆ. ಪಟ್ಟಿಯ ಮೇಲೆ ನಡೆದು ಹೋಗುತ್ತಿರುವಾಗಲೇ ಅದರೊಳಗಿನ ಒಂದನ್ನು ಕಿತ್ತು ಹಾಕಬೇಕಾದರೆ ಎಷ್ಟು ಎಚ್ಚರ ಬೇಕು ಎಂದು ಹೇಳುತ್ತಿದ್ದೆ. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಬಹಳ ವಿನಯದಿಂದಲೇ, "ಮ್ಯಾಡಮ್, ಇದನ್ನೆಲ್ಲಾ ಈಗ ಯಾರೂ ಕೈಲೆ ಬರಿಯಂಗಿಲ್ರಿ. ಕೇಳಿದ್ರ ಮಷಿನ್ನ ಬರದ ಕೊಡತೈತಿ. ಸೇಫ್ ಆಗಿ ಬರೀ ಅಂದ್ರ ಸೇಫ್ ಬರಿತೈತಿ," ಎಂದ.

ಸೇಫ್ ಅಂತೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹುಡುಗನ ಮೇಲೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಲ್ಲ. ಆದರೆ ಅದೊಂದೇ ಮಾತನ್ನು ಹಿಡಿದುಕೊಂಡು ನನ್ನ ಕಣ್ಣೆದುರಿಗೆ ಒಬ್ಬ ಮನುಷ್ಯನ ಮಾನ ತೆಗೆದರು. ಅದನ್ನು ಅಲ್ಲೇ ಹೇಳಿಬಿಡಬೇಕೆಂದಿದ್ದೆ, ಅಷ್ಟರಲ್ಲಿ ಪ್ರಾಂಶುಪಾಲರು ಚಹಾ ಆರುತ್ತದೆ ಎಂದು ವಂದನಾರ್ಪಣೆ ಶುರು ಮಾಡಿಸಿದರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಇದರಲ್ಲಿ ಸಿಗುವುದಿಲ್ಲ.

ನಮ್ಮದು ಕಿತ್ತೂರಿನ ಬಾಜೂ ಇರುವ ದೇಗಾಂವ. ಮನೆಯಲ್ಲಿ ಅಜ್ಜ ಪಂಚಾಂಗ ನೋಡುತ್ತಿದ್ದರು, ಅಪ್ಪ ಶಾಲೆ ಮಾಸ್ತರಾದರು, ನಾನು ಕಂಪ್ಯೂಟರ್ ಹಿಡಿದೆ. ಧಾರವಾಡದಲ್ಲಿ ಕಲಿತು ಬಂದವಳನ್ನು ಕಾರ್ಖಾನೆಯವರು ಲೆಕ್ಕಪತ್ರ ವಿಭಾಗದ ಮೂಲೆಯ ಕೋಣೆಯಲ್ಲಿ ಕೂರಿಸಿದರು. ಆ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕಿತ್ತು. ಏಸಿ ಇತ್ತು, ಅದು ಮಷಿನ್ನಿಗಾಗಿ. ಮಷಿನ್ ಬಂದ್ ಮಾಡಿ ನಾನು ಕಾಗದದ ಮೇಲೆ ಪ್ರೋಗ್ರಾಂ ಬರೆಯಲು ಕೂತರೆ ಸಿಪಾಯಿ ಬಂದು ಏಸಿಯನ್ನೂ ಬಂದ್ ಮಾಡುತ್ತಿದ್ದ. ಹಾಗೆ ಮಾಡೆಂದು ಹೇಳಿದವರು ನಮ್ಮ ವಿಭಾಗದ ಮುಖ್ಯಸ್ಥರಾದ ಹೊಸಮನಿ ಸಾಹೇಬರು. ಕಂಪ್ಯೂಟರ್ ಎಂದರೆ ದೊಡ್ಡ ಕ್ಯಾಲ್ಕುಲೇಟರ್, ಅದನ್ನು ಒತ್ತಲು ಒಬ್ಬ ಹೆಣ್ಣುಮಗಳು ಸಾಕು ಎಂದು ಅವರು ನಂಬಿದ್ದರು, ಮುಖದ ಮೇಲೆ ಹೇಳುತ್ತಲೂ ಇದ್ದರು.

ನನಗೆ ಮೊದಲು ಕೊಟ್ಟ ಕೆಲಸ ಯಾರ್ಡಿನ ಪಾಳಿ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯಿಂದ ಕಬ್ಬಿನ ಗಾಡಿಗಳು, ಟ್ರ್ಯಾಕ್ಟರುಗಳು ಬಂದು ಯಾರ್ಡಿನಲ್ಲಿ ಸಾಲಾಗಿ ನಿಲ್ಲುತ್ತವೆ. ಪಾಳಿ ಬಂದಾಗ ಒಂದೊಂದಾಗಿ ಕಾಟಾದ ಮೇಲೆ, ಅಂದರೆ ಗಾಡಿ ತೂಗುವ ಕಟ್ಟೆಯ ಮೇಲೆ, ಹತ್ತಬೇಕು. ತಡವಾದಷ್ಟೂ ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ, ಎತ್ತುಗಳು ಹಸಿದು ನಿಲ್ಲುತ್ತವೆ. ಪಾಳಿ ತಪ್ಪಿತೆಂದರೆ ಅಲ್ಲಿ ಹೊಡೆದಾಟವೇ. ಆ ಪಾಳಿಯನ್ನು ಮೈಕಿನಲ್ಲಿ ಕೂಗುತ್ತಿದ್ದವನು ಚಚಡಿಯ ಅಡಿವೆಪ್ಪ. ಎತ್ತರದ ಆಳು, ದನಿಯೂ ಅಷ್ಟೇ ದೊಡ್ಡದು. ಕರೆಂಟು ಹೋದರೆ ಅವನಿಗೆ ಮೈಕೇ ಬೇಕಿರಲಿಲ್ಲ.

ಪಾಳಿಯ ಪ್ರೋಗ್ರಾಂ ಬರೆಯುವಾಗ ನಾನು ಹೊಸಮನಿಯವರಿಗೆ ಹೇಳಿದೆ, ಎಷ್ಟು ಗಾಡಿ ಬರುತ್ತವೋ ಗೊತ್ತಿಲ್ಲ, ಜಾಗ ಮೊದಲೇ ಕಟ್ಟಿ ಇಡುವುದು ಬೇಡ, ಬಂದಂತೆ ಪೋಣಿಸಿಕೊಂಡು ಹೋಗೋಣ ಎಂದು. ಅವರು ಕೇಳಲಿಲ್ಲ. "ಇನ್ನೂರಕ್ಕಿಂತ ಹೆಚ್ಚ ಗಾಡಿ ಎಲ್ಲಿ ಬರತಾವ್ರಿ ಶಾರದಾಬಾಯಿ? ಸುಮ್ನ ಇನ್ನೂರು ಅಂತ ಬರೀರಿ. ನಿಮಗ ಯಾಕ ಇಷ್ಟ ಹಾರಾಟ?" ಎಂದರು. ಬರೆದೆ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾವ ರೈತನೂ ಗಾಡಿ ಹೂಡುವುದಿಲ್ಲ, ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಮರುದಿನ ಎಲ್ಲರೂ ಒಟ್ಟಿಗೇ ಬಂದರು. ಇನ್ನೂರು ದಾಟಿತು, ಪ್ರೋಗ್ರಾಂ ಕೈ ಎತ್ತಿತು. ರೈತರು ಆಫೀಸಿಗೆ ಮುತ್ತಿಗೆ ಹಾಕಿದಾಗ ಹೊಸಮನಿ ಸಾಹೇಬರು ಬಾಗಿಲಲ್ಲಿ ನಿಂತು, ಹೆಣ್ಣುಮಗಳು ಹೊಸಬಳು, ತಪ್ಪಾಗಿದೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೈ ಮುಗಿದರು. ನಾನು ಹಿಂದೆಯೇ ನಿಂತಿದ್ದೆ.

ಅಂದು ಗಲಾಟೆ ತಣ್ಣಗಾಗಿಸಿದವನು ಅಡಿವೆಪ್ಪ. ಯಾರ್ಡಿಗೆ ನಾನು ಸರಿಯಾಗಿ ಕಾಲಿಟ್ಟದ್ದೂ ಅಂದೇ. ಕಂಪ್ಯೂಟರ್ ನಿಂತರೂ ಪಾಳಿ ನಿಂತಿರಲಿಲ್ಲ. ಹೊಸದಾಗಿ ಬಂದವನು ಸಾಲಿನ ಕೊನೆಗೆ ಹೋಗಿ, "ಕಡೀಕ ಯಾರು?" ಎಂದು ಕೇಳುತ್ತಾನೆ. ಯಾರೋ ಒಬ್ಬ ಕೈ ಎತ್ತುತ್ತಾನೆ. "ನಿನ್ನ ಹಿಂದ ನಾ ಅದೀನಿ, ನೆಪ್ಪಿಟ್ಕೋ," ಎಂದು ಹೇಳಿ ಇವನು ಎತ್ತಿಗೆ ನೀರು ಕುಡಿಸಲು ಹೋಗುತ್ತಾನೆ. ಪ್ರತಿಯೊಬ್ಬನೂ ತನ್ನ ಹಿಂದೆ ಯಾರೆಂದು ನೆನಪಿಟ್ಟುಕೊಂಡರೆ ಸಾಕು, ಇಡೀ ಸಾಲು ಯಾರಿಗೂ ಗೊತ್ತಿರಬೇಕಿಲ್ಲ. ಲಿಂಕ್ಡ್ ಲಿಸ್ಟ್ ಅಂದರೆ ಇದೇ. ಒಂದೊಂದು ಗಾಡಿಯೂ ಒಂದು ನೋಡ್, ಹಿಂದಿನವನ ನೆನಪೇ ನೆಕ್ಸ್ಟ್ ಪಾಯಿಂಟರ್. ನಾನು ಖುಷಿಯಿಂದ ಅಡಿವೆಪ್ಪನಿಗೆ ಇದನ್ನೇ ಕಾಲೇಜಿನಲ್ಲಿ ಕಲಿಸುತ್ತಾರೆ ಎಂದೆ. ಅವನು, "ಇದನ್ನ ಕಲಿಯಾಕ ಧಾರವಾಡ ತನಕ ಹೋಗಿದ್ರೇನ್ರಿ ಅಕ್ಕಾರ? ನಮ್ಮಲ್ಲೇ ಬಂದಿದ್ರ ಚಾ ಕುಡಿಸಿ ಕಲಸ್ತಿದ್ದೆ," ಎಂದು ನಕ್ಕ.

ಹೊಸಮನಿಯವರನ್ನು ಕೇಳದೆಯೇ ಪಟ್ಟಿಯನ್ನು ಹಾಗೆ ಪೋಣಿಸಿ ಬರೆದೆ. ಸಾಲಿನ ಮೇಲೆ ನಡೆಯುತ್ತ ಒಬ್ಬನನ್ನು ಒಳಗೆ ಕಳಿಸುವ ಮುಂಚೆ ಅವನನ್ನೇ, ನಿನ್ನ ಹಿಂದೆ ಯಾರು ಎಂದು ಕೇಳಿಟ್ಟುಕೊಳ್ಳಬೇಕು. ಅವನು ಹೋದ ಮೇಲೆ ಕೇಳಿದರೆ ಆ ಜಾಗದಲ್ಲಿ ಬೇರೆ ಯಾರೋ ನಿಂತಿರುತ್ತಾನೆ, ಅವನು ತನ್ನ ಹಿಂದಿನವನ ಹೆಸರು ಹೇಳುತ್ತಾನೆ. ಪುಸ್ತಕದಲ್ಲಿ ಇಷ್ಟನ್ನೇ ಸೇಫ್ ಎಂದು ಬರೆದಿರುತ್ತಾರೆ. ನನ್ನ ಪ್ರೋಗ್ರಾಂ ಕೆಲವು ಹಂಗಾಮು ಚೆನ್ನಾಗಿಯೇ ನಡೆಯಿತು.

ಆಮೇಲೆ ಪುಣೆಯ ಒಂದು ಕಂಪನಿ ಬಂತು. ಕಾಟಾ, ಪಾಳಿ, ಬಿಲ್ಲು ಎಲ್ಲ ಒಂದೇ ಪ್ಯಾಕೇಜಿನಲ್ಲಿ ಎಂದರು. ಹೊಸಮನಿಯವರು ಆಡಳಿತ ಮಂಡಳಿಯ ಸಭೆಯಲ್ಲಿ ಅದನ್ನು ಮಂಜೂರು ಮಾಡಿಸಿಕೊಂಡು ಬಂದು, ನನ್ನ ಮುಂದೆ ಪೇಡೆ ಹಿಡಿದರು. ನನ್ನ ಪ್ರೋಗ್ರಾಂ ತೆಗೆದು ಹಾಕಿದ್ದಕ್ಕೆ ನನಗೇ ಪೇಡೆ. ತಿನ್ನಲಿಲ್ಲ. ಆ ಪ್ಯಾಕೇಜನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು.

ಇಲ್ಲಿ ನಮ್ಮ ಯಾರ್ಡಿನ ಒಂದು ಪದ್ಧತಿ ಹೇಳಬೇಕು, ಏಕೆಂದರೆ ಎಲ್ಲವೂ ನಿಂತಿರುವುದು ಅದರ ಮೇಲೆ. ನಮ್ಮ ಕಾಟಾಕ್ಕೆ ಹತ್ತುವ ದಾರಿ ಕಡಿದಾದ ಏರು. ತುಂಬಿದ ಕಬ್ಬಿನ ಗಾಡಿಯನ್ನು ಒಂದು ಜೊತೆ ಎತ್ತು ಎಳೆಯಲಾರವು. ಹಾಗಾಗಿ ರೈತರು ಜೋಡಿ ಮಾಡಿಕೊಂಡು ಬರುತ್ತಾರೆ. ಏರಿನ ಬುಡದಲ್ಲಿ ಹಿಂದಿನ ಗಾಡಿಯ ಎತ್ತು ಬಿಚ್ಚಿ ಮುಂದಿನ ಗಾಡಿಗೆ ಕಟ್ಟಿ, ನಾಲ್ಕೂ ಎತ್ತು ಹೂಡಿ ಒಂದು ಗಾಡಿ ಏರಿಸುತ್ತಾರೆ. ಆಮೇಲೆ ನಾಲ್ಕನ್ನೂ ಇಳಿಸಿಕೊಂಡು ಬಂದು ಎರಡನೆಯದನ್ನು ಏರಿಸುತ್ತಾರೆ. ಒಂದರ ಪಾಳಿ ಬಂದರೆ ಜೋಡಿಯದೂ ಬಂದ ಹಾಗೆ. ಅಡಿವೆಪ್ಪ ಕಣ್ಣಳತೆಯಲ್ಲೇ ಇದನ್ನು ನಿಭಾಯಿಸುತ್ತಿದ್ದ. ಪುಣೆಯ ಪ್ರೋಗ್ರಾಮಿಗೆ ಜೋಡಿ ಗೊತ್ತಿರಲಿಲ್ಲ. ಮೊದಲ ವಾರವೇ ಜಗಳ ಹತ್ತಿತು. ನಾನು ಬರೆದು ಕಳಿಸಿದೆ, ಅಲ್ಲಿಂದ ಒಬ್ಬ ಇಂಜಿನಿಯರ್ ಬಂದ. ಯಾರ್ಡಿನ ಕಡೆ ತಲೆ ಹಾಕಲಿಲ್ಲ. ಕೋಣೆಯಲ್ಲೇ ಕೂತು, ಗಾಡಿಯನ್ನು ಕರೆದಾಗ ಅದರ ಜೋಡಿಯನ್ನೂ ಸಾಲಿನಿಂದ ತೆಗೆಯುವಂತೆ ನಾಲ್ಕು ಸಾಲು ಸೇರಿಸಿದ. ಬನ್ನಿ, ಆ ಏರು ತೋರಿಸುತ್ತೇನೆ ಎಂದೆ. ಬೂಟಿಗೆ ಕೆಸರಾಗುತ್ತದೆ ಎಂದ. ಹೋಗುವಾಗ, ಚಿಂತೆ ಬೇಡ ಮ್ಯಾಡಂ, ನಮ್ಮ ಪಟ್ಟಿಯೆಲ್ಲ ಸೇಫ್ ಪದ್ಧತಿಯಲ್ಲಿ ಬರೆದದ್ದು, ಎಂದು ಹೇಳಿ ಹೋದ.

ಆ ಹಂಗಾಮಿನ ನಡುವೆ ಒಂದು ದಿನ, ಆಗ ತಾನೇ ಗೇಟಿನಲ್ಲಿ ಹೆಸರು ಬರೆಸಿದ ಗಾಡಿಯ ನಂಬರು, ಪಾಳಿ ತೋರಿಸಲು ಪುಣೆಯವರು ಯಾರ್ಡಿನಲ್ಲಿ ಹಾಕಿದ್ದ ಬೋರ್ಡಿನ ಮೇಲೆ ಬಂತು. ಬೋರ್ಡಿನಲ್ಲಿ ಬಂದದ್ದನ್ನು ಅಡಿವೆಪ್ಪ ಕೂಗಿದ. ನಿನ್ನೆಯಿಂದ ಕಾಯುತ್ತಿದ್ದವರು ನೋಡುತ್ತ ನಿಂತರು. ಕೆಲವು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಮೂರನೆಯ ಸಲ ಹಾಗೆ ಒಳಗೆ ಹೋದದ್ದು ಚಚಡಿಯ ಗಾಡಿ. ಅಷ್ಟೇ ಸಾಕಾಯಿತು. ಅಡಿವೆಪ್ಪ ತನ್ನ ಊರವನಿಂದ ಕೈ ಬೆಚ್ಚಗೆ ಮಾಡಿಕೊಂಡು ಪಾಳಿ ತಪ್ಪಿಸಿದ ಎಂದು ಯಾರ್ಡೆಲ್ಲ ಕೂಗಾಡಿತು. ರೈತರ ಸಿಟ್ಟು ನ್ಯಾಯದ್ದು, ಒಣಗುತ್ತಿದ್ದದ್ದು ಅವರ ಕಬ್ಬು. ಆದರೆ ಹೊಸಮನಿ ಸಾಹೇಬರು ಮಾಡಿದ್ದೇನು? ನೇರವಾಗಿ ಯಾರ್ಡಿಗೆ ಬಂದು, ಅಡಿವೆಪ್ಪನ ಕೈಯಿಂದಲೇ ಮೈಕು ಕಿತ್ತುಕೊಂಡು, ಈ ಲಂಚಕೋರನನ್ನು ಈಗಿಂದೀಗಲೇ ಕೆಲಸದಿಂದ ಬಿಡಿಸಿದ್ದೇವೆ ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ವಿಚಾರಣೆಯಿಲ್ಲ, ಒಂದು ಪ್ರಶ್ನೆಯಿಲ್ಲ. ಅಡಿವೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಅವನ ಊರವರು ಅಲ್ಲೇ ನಿಂತಿದ್ದರು, ಅವನ ಅಳಿಯನೂ ನಿಂತಿದ್ದ.

ನಾನು ಹೊಸಮನಿಯವರ ಕ್ಯಾಬಿನ್ನಿಗೆ ನುಗ್ಗಿದೆ. ಅಡಿವೆಪ್ಪ ಬೋರ್ಡಿನಲ್ಲಿ ಬಂದ ನಂಬರನ್ನೇ ಕೂಗಿದ್ದಾನೆ, ಬೋರ್ಡಿಗೆ ನಂಬರು ಹಾಕುವುದು ಪ್ರೋಗ್ರಾಂ, ಮೊದಲು ಪ್ರೋಗ್ರಾಂ ನೋಡಬೇಕು ಎಂದೆ. ಅವರು ಕುರ್ಚಿಯಿಂದ ಅಲ್ಲಾಡದೆ, "ಮಷಿನ್ನ ಲಂಚಾ ತಿಂತೈತೇನ್ರಿ ಶಾರದಾಬಾಯಿ? ಮನಷ್ಯಾ ತಿಂತಾನ," ಎಂದರು.

"ತಿಂದಿದ್ದನ್ನ ನೀವು ನೋಡೀರೇನ್ರಿ?"

"ನೋಡೂದ ಯಾಕ ಬೇಕು? ಗೇಟಿನ್ಯಾಗ ಗಾಡಿ ಬರಕೊಳ್ಳಾಂವ ಇವನ ದೋಸ್ತ. ಇಬ್ಬರೂ ಕೂಡಿ ಏನರ ಒತ್ತಿರ್ತಾರ."

ಪುಣೆಗೆ ಫೋನ್ ಹಚ್ಚಿದೆ. ಅದೇ ಇಂಜಿನಿಯರ್. ಲೂಪಿನಲ್ಲಿ ನೆಕ್ಸ್ಟ್ ಅನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೇವೆ, ಅದಕ್ಕಿಂತ ಸೇಫ್ ಪದ್ಧತಿ ಜಗತ್ತಿನಲ್ಲಿಲ್ಲ, ಇಷ್ಟು ಕಾರ್ಖಾನೆಗಳಲ್ಲಿ ನಡೆಯುತ್ತಿದೆ, ನಿಮ್ಮಲ್ಲೇ ಏಕೆ ತಪ್ಪುತ್ತದೆ, ನಿಮ್ಮ ಮನುಷ್ಯರನ್ನು ವಿಚಾರಿಸಿ ಎಂದು ಫೋನ್ ಇಟ್ಟ. ಎಂಥ ಧಿಮಾಕು. ಒಮ್ಮೆಯೂ ನೋಡದ ಯಾರ್ಡಿನ ಮನುಷ್ಯರ ಬಗ್ಗೆ ಅವನು ತೀರ್ಪು ಕೊಟ್ಟಿದ್ದ.

ನಾನು ಯಾರ್ಡಿಗೆ ಹೋಗಿ, ಪಾಳಿ ತಪ್ಪಿದವರನ್ನೇ ಹುಡುಕಿ ಕೇಳಿದೆ. ಎಲ್ಲರೂ ಮೊದಲು ನನ್ನ ಮೇಲೇ ಹರಿಹಾಯ್ದರು. ಸವದತ್ತಿ ಕಡೆಯ ಒಬ್ಬ ಮುದುಕ ಮಾತ್ರ ಸಮಾಧಾನದಿಂದ, "ನಮ್ಮ ಮುಂದಿನ ಜೋಡಿ ಹೋತ್ರಿ. ಆಮ್ಯಾಲ ನಮ್ದ ಪಾಳಿ. ನಾವು ನೊಗಾ ಎತ್ತಾಕ ಹತ್ತಿದ್ವಿ, ಅಷ್ಟರಾಗ ಗೇಟಿಗೆ ಬಂದವನ ನಂಬರ ಕೂಗಿದ್ರು," ಎಂದ. ಉಳಿದಿಬ್ಬರನ್ನೂ ಕೇಳಿದೆ. ಅವರ ಮುಂದೆಯೂ ಹೋದದ್ದು ಜೋಡಿಯೇ.

ಕೋಣೆಗೆ ಬಂದು ಆ ಇಂಜಿನಿಯರ್ ಸೇರಿಸಿದ ನಾಲ್ಕು ಸಾಲನ್ನು ಓದಿದೆ. ತಪ್ಪು ಅಲ್ಲೇ ಇತ್ತು.

ಹುಡುಗರೇ, ಇದನ್ನು ನಿಧಾನವಾಗಿ ಓದಿಕೊಳ್ಳಿ. ಪ್ರೋಗ್ರಾಂ ಸಾಲಿನಲ್ಲಿ ಮೊದಲನೆಯ ಗಾಡಿಯ ಹತ್ತಿರ ನಿಲ್ಲುತ್ತದೆ. ನಿನ್ನ ಹಿಂದೆ ಯಾರು ಎಂದು ಕೇಳಿಟ್ಟುಕೊಳ್ಳುತ್ತದೆ. ಹಿಂದಿನವನು ಅವನ ಜೋಡಿ, ಏಕೆಂದರೆ ಜೋಡಿಯವರು ಕೂಡಿಯೇ ಬಂದು ಹೆಸರು ಬರೆಸುತ್ತಾರೆ. ಈಗ ಮೊದಲನೆಯವನನ್ನು ಒಳಗೆ ಕಳಿಸುತ್ತದೆ, ಜೊತೆಗೆ ಜೋಡಿಯನ್ನೂ ಕಳಿಸಿ ಆ ಜಾಗವನ್ನೂ ಖಾಲಿ ಮಾಡುತ್ತದೆ. ನೆನಪಿಟ್ಟುಕೊಂಡ ಆ ಹಿಂದಿನವನೇ ಈಗ ಸಾಲಿನಲ್ಲಿಲ್ಲ. ಅದೇ ಗಳಿಗೆಗೆ ಗೇಟಿನಲ್ಲಿ ಹೊಸ ಗಾಡಿ ಬಂದರೆ, ಎಲ್ಲಕ್ಕಿಂತ ಕಡೆಗೆ ಖಾಲಿಯಾದ ಜಾಗವನ್ನೇ ಮಷಿನ್ ಅದಕ್ಕೆ ಮೊದಲು ಕೊಡುತ್ತದೆ. ಅಂದರೆ ಜೋಡಿ ನಿಂತಿದ್ದ ಮೆಮೊರಿಯಲ್ಲಿ ಹೊಸಬ ಬಂದು ಕೂರುತ್ತಾನೆ. ಪ್ರೋಗ್ರಾಂ ನೆನಪಿಟ್ಟುಕೊಂಡ ಜಾಗಕ್ಕೆ ಹೋಗುತ್ತದೆ, ಅಲ್ಲಿರುವ ಹೊಸಬನನ್ನು ಕರೆಯುತ್ತದೆ. ಅವನು ಸಾಲಿನ ಕೊನೆಯವನು, ಅವನ ಹಿಂದೆ ಯಾರೂ ಇಲ್ಲ. ಸುತ್ತು ಅಲ್ಲಿಗೆ ಮುಗಿಯುತ್ತದೆ. ನಡುವೆ ಕಾಯುತ್ತಿದ್ದವರೆಲ್ಲ ಹಾಗೇ ನಿಲ್ಲುತ್ತಾರೆ.

ಆ ಗಳಿಗೆಯಲ್ಲಿ ಗೇಟಿಗೆ ಯಾರೂ ಬರದಿದ್ದರೆ? ಖಾಲಿ ಜಾಗದಲ್ಲಿ ಜೋಡಿಯ ಹಿಂದೆ ಯಾರೆಂಬ ಹಳೆಯ ಗುರುತು ಅಳಿಸದೆ ಉಳಿದಿರುತ್ತದೆ, ಪ್ರೋಗ್ರಾಂ ಅದನ್ನೇ ಹಿಡಿದು ಮುಂದೆ ಸಾಗುತ್ತದೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ನಸೀಬಿನ ಮೇಲೆ ನಡೆಯುತ್ತಿದ್ದ ಪ್ರೋಗ್ರಾಂ ಅದು. ಕರೆಯುವ ಗಾಡಿಯೊಂದನ್ನೇ ತೆಗೆಯುವುದಾದರೆ ಆ ಇಂಜಿನಿಯರನ ಪದ್ಧತಿ ಸೇಫ್ ಹೌದು. ಅದರ ಹಿಂದಿನದನ್ನೂ ತೆಗೆದರೆ ಅದರಲ್ಲಿ ಸೇಫ್ ಎಂಬುದು ಏನೂ ಉಳಿಯುವುದಿಲ್ಲ. ಯಾವುದರ ಎದುರು ಸೇಫ್ ಎಂದು ಅವನೂ ಕೇಳಿಕೊಳ್ಳಲಿಲ್ಲ, ಹೊಸಮನಿಯವರೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಹೊಸಮನಿ ಸಾಹೇಬರನ್ನು ಕೋಣೆಗೆ ಕರೆದು ಕೂರಿಸಿದೆ. ಬೇರೆ ಮಷಿನ್ನಿನಲ್ಲಿ ಸುಳ್ಳು ಸಾಲು ಮಾಡಿ, ಮೊದಲ ಎರಡನ್ನು ಜೋಡಿ ಮಾಡಿ, ಪಾಳಿ ಕರೆಯುವಾಗ ಹೊಸ ಗಾಡಿಯೊಂದನ್ನು ಬರೆದೆ. ಹೊಸದರ ನಂಬರೇ ಬಂತು. ಮತ್ತೊಮ್ಮೆ ಮಾಡಿ ತೋರಿಸಿದೆ, ಮತ್ತೆ ಅದೇ. ಸಾಹೇಬರಿಗೆ ಚೆನ್ನಾಗಿಯೇ ಅರ್ಥವಾಯಿತು. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ, "ಸರಿ ಮಾಡಿಬಿಡ್ರಿ. ಹೊರಗ ಬಾಯಿ ಬಿಡಬ್ಯಾಡ್ರಿ. ಆ ಪ್ಯಾಕೇಜ್ ನಾನ ಮಂಜೂರ ಮಾಡಿಸೇನಿ. ನಾಳೆ ಮೀಟಿಂಗನ್ಯಾಗ ನನ್ನ ಮಾರಿಗೆ ಉಗುಳ್ತಾರ," ಎಂದರು.

"ಅಡಿವೆಪ್ಪನ ಮಾರಿಗೆ ನೀವು ಉಗುಳೀರಲ್ರಿ ಸಾಹೇಬ್ರ, ಅದನ್ನ ಯಾರು ಒರಸಬೇಕು?"

"ಅದನ್ನ ನನಗ ಬಿಡ್ರಿ. ಅವನ್ನ ಮತ್ತ ತಗೊಂಡ ಬಿಡತೇನಿ."

ಪ್ರೋಗ್ರಾಮನ್ನು ನಾನು ಅಂದೇ ತಿದ್ದಿದೆ. ಸಾಲಿನ ಮೇಲೆ ನಡೆಯುವಾಗ ಯಾರನ್ನೂ ತೆಗೆಯಬಾರದು, ಹೋಗಬೇಕಾದ ಗಾಡಿಗೆ ಬರೀ ಸುಣ್ಣದ ಗುರುತು ಹಾಕಿದಂತೆ ಒಂದು ಗುರುತು ಹಾಕಬೇಕು. ಜೋಡಿಗೂ ಗುರುತು. ಗುರುತಿದ್ದದ್ದು ಎದುರಾದರೆ ದಾಟಿ ಮುಂದೆ ಹೋಗಬೇಕು. ಇಡೀ ಸಾಲು ನಡೆದು ಮುಗಿದ ಮೇಲೆ, ಬೇರೆಯಾಗಿ ಇನ್ನೊಂದು ಸಲ ಬಂದು ಗುರುತಿನವನ್ನೆಲ್ಲ ತೆಗೆದು ಜಾಗ ಖಾಲಿ ಮಾಡಬೇಕು. ಇದರಲ್ಲಿ ಜಾಣತನವೇನೂ ಇಲ್ಲ. ಸ್ವಲ್ಪ ಮೆಮೊರಿ ಹೆಚ್ಚು ಹೊತ್ತು ಹಿಡಿದಿಡಬೇಕಾಗುತ್ತದೆ, ಅಷ್ಟೇ. ನೀವು ಪಟ್ಟಿ ಬರೆಯುವಾಗ ಲೂಪಿನೊಳಗೆ ಯಾವ ಯಾವ ಫಂಕ್ಷನ್ ಕರೆಯುತ್ತೀರೋ ಅದರೊಳಗೆ ಇಳಿದು ನೋಡಿ, ಅದು ಬೇರೆ ಯಾರನ್ನಾದರೂ ಕಿತ್ತು ಹಾಕುತ್ತದೆಯೇ ಎಂದು. ಸೇಫ್ ಎಂಬ ಹೆಸರು ನೋಡಿ ನಂಬಬೇಡಿ.

ಈಗ ಆ ಕಾಗದದ ವಿಷಯ. ಸಾಹೇಬರು ಅಡಿವೆಪ್ಪನನ್ನು ಕರೆಸಿ ಟೈಪು ಮಾಡಿದ ಹಾಳೆ ಮುಂದಿಟ್ಟರು. ಪಾಳಿ ತಪ್ಪಿಸಿದ್ದನ್ನು ಒಪ್ಪಿಕೊಂಡಿದ್ದೇನೆ, ಮುಂದೆ ಹೀಗೆ ಮಾಡುವುದಿಲ್ಲ, ಸಂಸ್ಥೆ ಮಾನವೀಯ ದೃಷ್ಟಿಯಿಂದ ನನ್ನನ್ನು ಕ್ಷಮಿಸಿದೆ ಎಂದು ಅದರಲ್ಲಿತ್ತು. ಮಾನವೀಯ ದೃಷ್ಟಿ! ತಮ್ಮ ತಪ್ಪಿನ ಮೇಲೆ ತಿಪ್ಪೆ ಸಾರಿಸಿ, ತಪ್ಪಿಲ್ಲದವನಿಗೆ ಮಾಫಿ ಕೊಡುವ ಧಾರಾಳತನ. ನಾನು ಅಡಿವೆಪ್ಪನನ್ನು ಕಾರಿಡಾರಿನಲ್ಲಿ ತಡೆದು, ಸಹಿ ಮಾಡಬೇಡ, ಪ್ರೋಗ್ರಾಂ ತಪ್ಪಿತ್ತು, ನನ್ನ ಹತ್ತಿರ ಪುರಾವೆ ಇದೆ, ಜಗಳ ಮಾಡೋಣ ಎಂದೆ.

"ಸಿಟ್ಟ ಮಾಡೂದು ನಿಮಗ ಪೂರೈಸತೈತ್ರಿ ಅಕ್ಕಾರ. ನನಗ ಪೂರೈಸಂಗಿಲ್ಲ. ನಾಳೆ ಮನ್ಯಾಗ ಒಲಿ ಹೊತ್ತಬೇಕಲ್ರಿ," ಎಂದು ಒಳಗೆ ಹೋಗಿ ಸಹಿ ಮಾಡಿದ.

ನಾನು ಆಡಳಿತ ಮಂಡಳಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಶಿಸ್ತು ಮೀರಿ ಮೇಲಿನವರಿಗೆ ಬರೆದದ್ದಕ್ಕೆ ಕಾರಣ ಕೇಳಿ ನನಗೇ ಮೆಮೊ ಬಂತು. ಚಹಾದಂಗಡಿಯಲ್ಲಿ ರೈತರಿಗೆ ಹೇಳಿದೆ. ಅರ್ಧ ಜನ ನಂಬಿದರು, ಇನ್ನರ್ಧ ಜನ, ಅವನೇ ಕಾಗದದಲ್ಲಿ ಒಪ್ಪಿಕೊಂಡಿದ್ದಾನಂತಲ್ಲ ಎಂದರು. ಅಡಿವೆಪ್ಪ ಮತ್ತೆ ಮೈಕು ಹಿಡಿದ. ಚಚಡಿಯ ಗಾಡಿ ಬಂದಾಗಲೆಲ್ಲ ಯಾರಾದರೂ ಒಬ್ಬ, "ನಿಮ್ಮೂರಾಂವ ಬಂದ ನೋಡಪಾ, ಕರಕೋ," ಎಂದು ಚುಚ್ಚುತ್ತಿದ್ದ. ಅಡಿವೆಪ್ಪ ಬೋರ್ಡಿನ ನಂಬರು ಕೂಗುತ್ತಿದ್ದ. ಅವನ ಊರವರು ತಮ್ಮ ಗಾಡಿಯನ್ನು ಬೇರೆ ಕಾರ್ಖಾನೆಗೆ ಹೊಡೆಯತೊಡಗಿದರು, ಅವನಿಗೆ ಮುಜುಗರವಾಗಬಾರದೆಂದು.

ರಾಮದುರ್ಗದ ಕಡೆ ಇನ್ನೊಂದು ಕಾರ್ಖಾನೆಯಲ್ಲೂ ಪುಣೆಯವರ ಅದೇ ಪ್ರೋಗ್ರಾಂ ಇತ್ತು, ಆ ನಾಲ್ಕು ಸಾಲಿನ ಸಮೇತ. ಅಲ್ಲಿಯವರಿಗೂ ಫೋನ್ ಮಾಡಿ ತಪ್ಪು ಹೇಳಿದೆ. "ನಮ್ಮಲ್ಲಿ ಏನೂ ಆಗಿಲ್ರಿ ಮ್ಯಾಡಮ್, ಬೇಷ್ ನಡದೈತಿ," ಎಂದರು. ಆಗದಿರುವುದು ಸಹಜ. ಅವರ ಕಾಟಾ ಸಪಾಟು ನೆಲದ ಮೇಲಿತ್ತು, ಜೋಡಿ ಕಟ್ಟುವ ಪದ್ಧತಿಯೇ ಇರಲಿಲ್ಲ. ಕೆಲವು ವರ್ಷದ ನಂತರ ಅಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ ತರುವುದು ಶುರುವಾಯಿತು, ಎರಡನ್ನೂ ಜೋಡಿ ಎಂದು ಬರೆಸತೊಡಗಿದರು. ಆಗ ಅವರೇ ಫೋನ್ ಮಾಡಿ, ಪಾಳಿ ತಪ್ಪುತ್ತಿದೆ, ಗೇಟಿನ ಹುಡುಗನ ಮೇಲೆ ಸಂಶಯ ಎಂದರು. ನಾನು ಫೋನಿನಲ್ಲೇ ಬೈದೆ. ಏನು ಬೈದೆನೆಂದು ಇಲ್ಲಿ ಬರೆಯುವಂತಿಲ್ಲ. ಆ ಹುಡುಗನ ಕೆಲಸ ಉಳಿಯಿತು.

ಈಗ ಎಲ್ಲ ಬದಲಾಗಿದೆ. ಪಾಳಿ ರೈತರ ಮೊಬೈಲಿಗೇ ಬರುತ್ತದೆ, ಎತ್ತಿನ ಗಾಡಿ ಕಡಿಮೆ, ಏರನ್ನು ಕಡಿದು ಸಪಾಟು ಮಾಡಿದ್ದಾರೆ. ನನ್ನ ಕುರ್ಚಿಯಲ್ಲಿ ಕೂತ ಹೊಸ ಹುಡುಗಿ ಮಷಿನ್ನಿನಿಂದ ಪ್ರೋಗ್ರಾಂ ಬರೆಸುತ್ತಾಳೆ, ಚುರುಕಾಗಿದ್ದಾಳೆ, ನನಗೆ ಅವಳ ಮೇಲೆ ಪ್ರೀತಿ. ಮಷಿನ್ ಬರೆದದ್ದನ್ನು ನಾನು ಓದಿ ನೋಡಿದ್ದೇನೆ. ಒಮ್ಮೊಮ್ಮೆ ನನಗಿಂತ ಚೆನ್ನಾಗಿಯೇ ಬರೆಯುತ್ತದೆ. ಆದರೆ ನಮ್ಮ ಕಾಟಾದ ಏರು ಕಡಿದಾಗಿತ್ತೆಂದು ಅದಕ್ಕೆ ಯಾರಾದರೂ ಹೇಳಬೇಕು. ಹೇಳಬೇಕಾದವರು ಯಾರ್ಡಿಗೆ ಹೋಗಿ ನೋಡಿರಬೇಕು. ತಪ್ಪಾದಾಗ ಮಷಿನ್ನಿನದೂ ಅಲ್ಲ, ಬರೆದವರದೂ ಅಲ್ಲ, ಮೈಕು ಹಿಡಿದವನದೇ ತಪ್ಪು ಎನ್ನುವ ಸಾಹೇಬರು ಮಾತ್ರ ಬದಲಾಗಿಲ್ಲ. ನಿಮಗೂ ಅಂಥವರು ಸಿಗುತ್ತಾರೆ.

ಅಡಿವೆಪ್ಪ ನನಗಿಂತ ಮೊದಲು ನಿವೃತ್ತನಾದ. ಕ್ಯಾಂಟೀನಿನ ದೊಡ್ಡ ಕೋಣೆಯಲ್ಲಿ ಬೀಳ್ಕೊಡುಗೆ. ಹೊಸಮನಿಯವರು ಆಗ ಜನರಲ್ ಮ್ಯಾನೇಜರು. ಅಡಿವೆಪ್ಪನ ಹೆಂಡತಿ, ಮಗಳು, ಅಳಿಯ ಮುಂದಿನ ಸಾಲಿನಲ್ಲಿ ಕೂತಿದ್ದರು, ಗಾಡಿಯವರು ಗೋಡೆಗೆ ಆತು ನಿಂತಿದ್ದರು. ಸಾಹೇಬರು ಅವನಿಗೆ ಹಾರ ಹಾಕಿ, ಶಾಲು ಹೊದಿಸಿ, ಮಾತಿಗೆ ನಿಂತರು. ಒಳ್ಳೆಯ ಮಾತೇ ಆಡುತ್ತಿದ್ದರು. ಅಡಿವೆಪ್ಪನ ದನಿ, ಅಡಿವೆಪ್ಪನ ನಿಷ್ಠೆ, ಎಲ್ಲ ಆಯಿತು. ಆಮೇಲೆ ಹೇಳಿದರು: "ನಡುವ ಒಂದ ಸಲ ಕಾಲ ಜಾರಿತ್ತು. ಮನಷ್ಯಾ ಅಂದ ಮ್ಯಾಲ ಆಕ್ಕೈತಿ. ಸಂಸ್ಥಾ ದೊಡ್ಡ ಮನಸ್ಸ ಮಾಡಿ ಮಾಫ್ ಮಾಡ್ತು, ಇವರೂ ತಿದ್ದಿಕೊಂಡ್ರು. ಇದು ಎಲ್ಲಾರಿಗೂ ಪಾಠ."

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, "ಸಾಹೇಬ್ರ, ಸುಳ್ಳ ಹೇಳಬ್ಯಾಡ್ರಿ," ಎಂದೆ. ಪ್ರೋಗ್ರಾಂ, ಜೋಡಿ, ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಅಡಿವೆಪ್ಪ ಎದ್ದ.

"ಕುಂದರ್ರಿ ಅಕ್ಕಾರ. ಇದ ನನ್ನ ಪಾಳಿ," ಎಂದ.

ಮೈಕು ಕೇಳಲಿಲ್ಲ. ಅಷ್ಟು ವರ್ಷ ಬೇರೆಯವರ ನಂಬರು ಕೂಗಿದ ದನಿಯಲ್ಲೇ, ಸಾಹೇಬರ ಕಡೆ ತಿರುಗಿ ಹೇಳಿದ:

"ನಾ ಅವತ್ತ ಸಹಿ ಮಾಡಿದ್ದು ಹೊಟ್ಟಿ ಸಲುವಾಗಿ. ತಪ್ಪ ಮಾಡಿ ಅಲ್ಲ. ನಾ ಯಾರ ಕಡೇನೂ ಒಂದ ಕಪ್ ಚಾ ಸುದ್ದಾ ಕುಡದಿಲ್ಲ. ಅದು ನಿಮಗ ಅವತ್ತ ಗೊತ್ತಿತ್ತು, ಇವತ್ತೂ ಗೊತ್ತೈತಿ. ನನ್ನ ಮಗಳ ಮುಂದ, ಅಳಿಯನ ಮುಂದ ಮತ್ತ ಅದನ್ನ ಅಂದ್ರಿ. ಆ ಕಾಗದ ನಿಮ್ಮ ಕಡೆ ಐತಿ. ಎಲ್ಲಾರ ಮುಂದ ಹರದ ಒಗೀರಿ, ಆಮ್ಯಾಲ ಈ ಶಾಲ ಹೊಚಗೋತೇನಿ."

ಹಾರ ತೆಗೆದ, ಶಾಲು ತೆಗೆದು ಮಡಚಿದ, ಎರಡನ್ನೂ ಮೇಜಿನ ಮೇಲೆ ಇಟ್ಟ. ಮಗಳು ಎದ್ದು ಬಂದು ಅಪ್ಪನ ಕೈ ಹಿಡಿದಳು. ಸಾಹೇಬರು ಸಿಪಾಯಿಯ ಕಡೆ ನೋಡಿದರು, ಸಿಪಾಯಿ ನೆಲ ನೋಡಿದ. ಗೋಡೆಗೆ ಆತು ನಿಂತಿದ್ದ ಗಾಡಿಯವರು ದಾರಿ ಬಿಟ್ಟರು, ಅವನು ದಾಟಿದ ಮೇಲೆ ಒಬ್ಬರ ಹಿಂದೆ ಒಬ್ಬರು ಅವನ ಹಿಂದೆಯೇ ಹೊರಟರು. ಊಟದ ಎಲೆ ಹಾಕಿದ್ದರು, ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ.

ವಾರದ ನಂತರ ಕಾರ್ಖಾನೆಯವರು ಜೀಪಿನಲ್ಲಿ ಶಾಲನ್ನು ಚಚಡಿಗೆ ಕಳಿಸಿದರು. ಕಾಗದ ಎಲ್ಲಿ ಎಂದು ಅಡಿವೆಪ್ಪ ಕೇಳಿದ. ತಂದಿಲ್ಲ ಎಂದರು. ಜೀಪಿನವರಿಗೆ ಊಟ ಹಾಕಿ, ಶಾಲನ್ನು ಅವರ ಕೈಯಲ್ಲೇ ವಾಪಸು ಕಳಿಸಿದ.